ತುಳಸಾಬಾಯಿ ತೊಳೆದ ಕೊಳವೆ

ಕೊಬ್ಬಿನ ಪೊರೆಯ ಗುಳ್ಳೆ ಕಟ್ಟುವುದು ಶುಭಾಳಿಗೆ ನೀರು ಕುಡಿದಷ್ಟು ಸಲೀಸು. ಕಣ್ಣಿಗೆ ಕಾಣದ ಆ ಗುಳ್ಳೆಗಳಲ್ಲಿ ಹಸಿರು ಬಣ್ಣ ತುಂಬಿ, ಜೀವಕೋಶದ ಪೊರೆ ಹೇಗೆ ನಡೆದುಕೊಳ್ಳುತ್ತದೆಂದು ನೋಡುವುದೇ ಅವಳ ಪಿಎಚ್.ಡಿ. ಕಷ್ಟವೆಲ್ಲ ಶುದ್ಧ ಮಾಡುವುದರಲ್ಲಿತ್ತು. ಜೆಲ್ ತುಂಬಿದ ಗಾಜಿನ ಕೊಳವೆಗೆ ಸುರಿದರೆ ಗುಳ್ಳೆಗಳು ಮೊದಲು ಇಳಿಯಬೇಕು, ಹೊರಗುಳಿದ ಬಣ್ಣ ಹಿಂದಿನಿಂದ ಬರಬೇಕು. ಮೂರು ವಾರದಿಂದ ಬರುತ್ತಿದ್ದದ್ದು ಹಿಂದಿನ ಬಣ್ಣವೊಂದೇ. ಗುಳ್ಳೆಗಳೆಲ್ಲ ದಾರಿಯಲ್ಲೇ ಒಡೆಯುತ್ತಿದ್ದವು.

ಗೈಡ್ ಜಯತೀರ್ಥ ಸರ್ ಶನಿವಾರದ ಗಡುವು ಹಾಕಿದ್ದರು. ಅಷ್ಟರೊಳಗೆ ಆಗದಿದ್ದರೆ ಈ ಕೆಲಸ ಬೇರೆಯವರ ಪಾಲು. ಕೊಬ್ಬು ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ಶುಭಾ ಸಿಂಕಿನ ಮುಂದೆ ಕೊಳವೆ ಉಜ್ಜುತ್ತಿದ್ದಳು. ಲ್ಯಾಬಿನ ಗಾಜೆಲ್ಲ ತೊಳೆಯುವವರು ತುಳಸಾಬಾಯಿ. ಬೀದರ ಕಡೆಯವರು, ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅವರು ತೊಳೆದಿಟ್ಟದ್ದನ್ನು ಶುಭಾ ಮತ್ತೊಮ್ಮೆ ತೊಳೆಯುವಳು. ನಾರಾಯಣಗೂಡದ ಅವಳ ಮನೆಯಲ್ಲಿ ಕೆಲಸದವಳು ತೊಳೆದ ಪಾತ್ರೆಯನ್ನು ಅವ್ವ ಇನ್ನೊಮ್ಮೆ ತೊಳೆಯದೆ ಒಳಗಿಡುತ್ತಿರಲಿಲ್ಲ. ಮಡಿಯ ಮನೆಯ ಮಗಳ ಕೈ ತಾನಾಗಿ ಸೋಪಿನ ಕಡೆ ಹೋಗುತ್ತಿತ್ತು, ಪಿಎಚ್.ಡಿ. ಅದನ್ನೇನೂ ಬಿಡಿಸಿರಲಿಲ್ಲ.

ಆ ದಿನ ತುಳಸಾಬಾಯಿ ಬೇಗ ಬಂದು ಹಿಂದೆಯೇ ನಿಂತಿದ್ದರು.

“ಸೋಪ್ ಹಚ್ಚಾಕತ್ತೀರೇನ್ರಿ ಅಕ್ಕಾರ? ಈ ಕೊಳವಿಗೆ ನಾ ಸೋಪ್ ಮುಟ್ಟಸಂಗಿಲ್ರಿ. ಬರೇ ಸ್ಪಿರಿಟ್, ಆಮ್ಯಾಲ ಡಿಸ್ಟಿಲ್ ವಾಟರ್, ಏಳು ಸಲ. ಜಿಡ್ಡ ಬಿಡಸೂದ ಸೋಪಿನ ಕೆಲಸ. ನಿಮ್ಮ ಗುಳ್ಳಿನೂ ಜಿಡ್ಡ ಅಲ್ರಿ?”

ಶುಭಾ ನಲ್ಲಿ ನಿಲ್ಲಿಸಿದಳು. ಗಾಜಿಗೆ ಅಂಟಿದ ಚೂರು ಸೋಪು ಸಾಕು ಪೊರೆ ಕರಗಲು. ಪರೀಕ್ಷೆಯಲ್ಲಿ ತಾನೇ ಬರೆದು ಅಂಕ ತೆಗೆದುಕೊಂಡ ಮಾತು ಅದು. ತುಳಸಾಬಾಯಿ ಕೊಳವೆ ಇಸಿದುಕೊಂಡು ತಮ್ಮ ರೀತಿಯಲ್ಲೇ ತೊಳೆದು ಕೊಟ್ಟರು.

“ನೀವು ಮತ್ತ ತೊಳೀತೀರಿ ಅನ್ನೂದು ಗೊತ್ತಿತ್ರಿ,” ಎಂದರು ಮೆಲ್ಲಗೆ. “ಸೋಪ್ ಹಚ್ಚತೀರಿ ಅನ್ನೂದಷ್ಟ ಗೊತ್ತಿರಲಿಲ್ಲ.”

ಶುಭಾ ಸೋಪಿನ ಡಬ್ಬಿಯನ್ನು ದೂರ ಸರಿಸಿದಳು. ಕೊಳವೆಯನ್ನು ಹಾಗೆಯೇ ಒಯ್ದು ಜೆಲ್ ತುಂಬಿ, ಉಳಿದ ಕೊಬ್ಬಿನಲ್ಲಿ ಕಟ್ಟಿದ ಗುಳ್ಳೆಗಳನ್ನು ಸುರಿದಳು. ಮಧ್ಯಾಹ್ನದ ಹೊತ್ತಿಗೆ ಕೊಳವೆಯಲ್ಲಿ ಹಸಿರು ಎರಡಾಗಿ ಬೇರ್ಪಟ್ಟಿತು. ಮುಂದೊಂದು ಪಟ್ಟಿ, ಗೇಣು ಬಿಟ್ಟು ಹಿಂದೊಂದು. ಗುಳ್ಳೆಗಳು ಇಡಿಯಾಗಿ ಇಳಿದು ಬಂದವು.

ಅವಳು ಓಡಿಹೋಗಿ ತುಳಸಾಬಾಯಿಯ ಒದ್ದೆ ಕೈ ಹಿಡಿದುಕೊಂಡಳು. “ನನ್ನ ಕೆಲಸ ನೀವು ಉಳಿಸಿದ್ರಿ. ಇಷ್ಟ ದಿನ ನಿಮ್ಮ ಕೈ ಮ್ಯಾಲ ನಂಬಿಕಿ ಇಡಲಿಲ್ಲ, ತಪ್ಪಾತ್ರಿ.” ತುಳಸಾಬಾಯಿ ನಕ್ಕು, ಆ ಕೊಳವೆ ಖಾಲಿಯಾದ ಮೇಲೆ ತಮ್ಮ ಕಡೆಗೇ ಕಳಿಸಲು ಹೇಳಿದರು.

ಸಂಜೆ ಮನೆಯಲ್ಲಿ ಕೆಲಸದವಳು ತೊಳೆದು ಬೋರಲು ಹಾಕಿದ ತಟ್ಟೆಯನ್ನು ಅವ್ವ ನಲ್ಲಿಗೆ ಒಯ್ಯುವಷ್ಟರಲ್ಲಿ ಶುಭಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಅದರಲ್ಲೇ ಉಪ್ಪಿಟ್ಟು ಹಾಕಿಕೊಂಡು ತಿಂದಳು.