ಹಾಗಲ್ಲಮ್ಮ

ನಾಟಕ ನಡೆಯುತ್ತಿರುವಾಗಲೇ ಎದ್ದು ನಿಂತು, ಕೈಚೀಲವನ್ನು ಎದೆಗೊತ್ತಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ "ಹಾಗಲ್ಲ" ಎಂದು ಮತ್ತೆ ಕೂತುಬಿಟ್ಟ ಒಬ್ಬ ಹೆಂಗಸಿನ ಸುದ್ದಿಯನ್ನು ನನ್ನ ಗಂಡ ಮನೆಗೆ ತಂದದ್ದು, ಅವರು ದ್ರೋಹಿಯ ವೇಷ ಕಟ್ಟಿದ ಮೊದಲ ದಿನ. ಯುದ್ಧಕಾಲದಲ್ಲಿ ಶತ್ರುಸೈನ್ಯಕ್ಕೆ ಹೊಳೆ ದಾಟುವ ಜಾಗ ತೋರಿಸಿ, ಊರಿಗೆ ಊರೇ ಉರಿದುಹೋಗುವಂತೆ ಮಾಡಿ, ಕಡೆಗೆ ಗಲ್ಲಿಗೇರಿದ ಕಾವಲುಗಾರನ ನಿಜಕಥೆ ಅದು. ಆಕೆ ಅವನ ಒಡಹುಟ್ಟಿದ ಅಕ್ಕ. ಹೆಸರು ಯಾರಿಗೂ ಬೇಕಾಗಲಿಲ್ಲ. ಕಂಪನಿಯವರು ಹಾಗಲ್ಲಮ್ಮ ಎಂದರು.

ನಾನು ವೇಷಭೂಷಣ ಹೊಲಿಯುತ್ತಿದ್ದ ಕೋಣೆಗೆ ಒಂದು ಮಧ್ಯಾಹ್ನ ಆಕೆ ಬಂದರು. ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ; ಮೊಣಕೈ ಸವೆದ, ಗುಂಡಿಗೊಂದು ಬಣ್ಣದ ಕೋಟು. ತನ್ನ ತಮ್ಮ ನಿರಪರಾಧಿ ಎನ್ನಲು ಬಂದಿದ್ದಾರೆಂದುಕೊಂಡೆ.

"ತೋರಿಸಿದ್ದು ಅವನೇ ಕಣಮ್ಮ. ಆದ್ರೆ ನಗಲಿಲ್ಲ. ನಿನ್ನ ಗಂಡ ಅಷ್ಟೊಂದು ಯಾಕೆ ನಗ್ತಾನೆ?"

ನಗದ ದ್ರೋಹಿಯನ್ನು ನೋಡಲು ಯಾರು ಬರುತ್ತಾರೆಂದು ನಾಟಕದ ಮೇಷ್ಟರು ರೇಗಿದರು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ, ಈ ಹಾಗಲ್ಲಮ್ಮನಿಗೆ ಯಾರಂತೆ ಸಾಕ್ಷಿ ಎಂದು ಬಣ್ಣದ ಕೋಣೆಯಲ್ಲಿ ನಕ್ಕದ್ದೇ ನಕ್ಕದ್ದು. ಆಕೆ ಬಿಡಲಿಲ್ಲ. ಪೀಡೆ ತಾಳಲಾರದೆ ಮೇಷ್ಟರು ನಗು ತೆಗೆದರು. ಬದಲಿಗೆ ದ್ರೋಹಿಯನ್ನು ಹೊಳೆಯ ದಡದಲ್ಲಿ ಮಂಡಿಯೂರಿ ಅಳುವಂತೆ ಮಾಡಿದರು. ಸಭೆಗೆ ಸಭೆಯೇ ಬಿಕ್ಕಿತು, ನಾನೂ ಅತ್ತೆ. ಆ ಬಿಕ್ಕಿನ ನಡುವೆ ಆಕೆ ಎದ್ದು ನಿಂತರು.

"ಹಾಗಲ್ಲ. ಅಳಲೂ ಇಲ್ಲ. ಮನೆಗೆ ಬಂದ, ಉಂಡ, ಮಲಗಿದ. ಬಡಿಸಿದ್ದು ನಾನೇ."

ಅತ್ತು ಹಗುರಾಗಿದ್ದ ಜನಕ್ಕೆ ಅಷ್ಟು ಸಿಟ್ಟು ಎಲ್ಲಿತ್ತೋ, ನೂಕಿ ಹೊರಗೆ ಹಾಕಿದರು. ಆಮೇಲೆ ಬಾಗಿಲಿನವನು ಆಕೆಯನ್ನು ಒಳಗೆ ಬಿಡಲಿಲ್ಲ. ನಾಟಕ ವರ್ಷಗಟ್ಟಲೆ ಓಡಿತು. ಆ ಅಳುವಿನಿಂದಲೇ ನನ್ನ ಗಂಡನಿಗೆ ಹೆಸರು ಬಂತು. ಅವರು ಸತ್ತಾಗ ಜನ ದ್ರೋಹಿ ಹೋದ ಎಂದೇ ಮರುಗಿದರು.

ತಮ್ಮವರ ಪಾಪವನ್ನು ಎಳ್ಳಷ್ಟೂ ಕಡಿಮೆ ಮಾಡದೆ, ಎಳ್ಳಷ್ಟೂ ಹೆಚ್ಚಾಗಗೊಡದೆ ಕಾಯುವವರು ಎಲ್ಲ ಕಡೆಯೂ ಒಬ್ಬೊಬ್ಬರಿರುತ್ತಾರೆ. ಲೋಕಕ್ಕೆ ಉಗಿಯಲು ಒಬ್ಬ ಬೇಕು, ಇಲ್ಲವೇ ಮರುಗಲು ಒಬ್ಬ ಬೇಕು. ಉಂಡು ಮಲಗಿದವನು ಯಾರಿಗೂ ಬೇಡ. ಕಾದು ಕಾದು ಬೇಸತ್ತ ಮೇಲೆ ಅವನು ಕಾದವರಿಗೂ ದಕ್ಕುವುದಿಲ್ಲ.

ಆಸ್ಪತ್ರೆಯಲ್ಲಿ ಕಡೆಯ ಸಲ ಕಂಡಾಗ ಆಕೆ ನನ್ನ ಕೈ ಹಿಡಿದುಕೊಂಡರು. ಆ ತಮ್ಮನನ್ನು ನಾನು ಒಮ್ಮೆಯೂ ನೋಡಿದವಳಲ್ಲ. ಅದು ಆಕೆಗೂ ಗೊತ್ತಿತ್ತು.

"ಕಣ್ಣು ಮುಚ್ಚಿದ್ರೆ ನಿನ್ನ ಗಂಡನೇ ಬರ್ತಾನೆ ಕಣೇ, ನನ್ನ ತಮ್ಮ ಬರೋದೇ ಇಲ್ಲ. ಅವನ ಮುಖ ಹೇಗಿತ್ತು ಅಂತ ಸ್ವಲ್ಪ ಹೇಳೇ."