ಬಲೂನು ಬಿಡುವ ಟೆಂಪ್ಲೇಟು

ಮತ್ತೆ ಬಲೂನು, ಪರದೆಯ ಕೆಳಗಿನಿಂದ ಮೇಲಕ್ಕೆ, ಕೆಂಪು ಹಳದಿ ನೀಲಿ, ಮೇಲೆ ಹೋಗಿ ಟಪ್ಪೆಂದು ಒಡೆಯುವುದು ಬೇರೆ, ಇದನ್ನು ಬರೆದ ಪುಣ್ಯಾತ್ಮ ಎಲ್ಲಿ ಬಚ್ಚಿಟ್ಟಿದ್ದಾನೋ, ಒಂದು ಫೈಲಿನಲ್ಲಿ ಅಳಿಸಿದರೆ ಇನ್ನೊಂದರಿಂದ ಹಾರುತ್ತದೆ — ಕೇಕ್ ಅಂಗಡಿಗೆಂದು ನಮ್ಮ ಆಫೀಸಿನವರೇ ಮಾಡಿದ್ದ ಚಾಟ್‌ಬಾಟ್‌ನ ಟೆಂಪ್ಲೇಟು, ಕೇಕಿಗೆ ಬಲೂನು ಇರಲಿ, ಚೆಂದ, ಆದರೆ ನಾನು ಮಾಡಬೇಕಾದದ್ದು ರಕ್ತ, ಗಂಟು, ಗಡ್ಡೆ ಪರೀಕ್ಷಿಸುವ ಲ್ಯಾಬಿಗೆ, ಹೊಸದಾಗಿ ಬರೆಯುತ್ತೇನೆಂದರೆ ಬಾಸ್ ಕೇಳಬೇಕಲ್ಲ, ರೆಡಿ ಇರೋದನ್ನ ಬಿಟ್ಟು ಯಾಕಮ್ಮ ಒದ್ದಾಡ್ತೀಯ, ಹೆಸರು ಬದಲಾಯಿಸು, ಸರ್ವರ್‌ಗೆ ಹಾಕು, ಕೈ ತೊಳ್ಕೋ — ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬದಲಾಯಿಸಿದೆನಪ್ಪ, ಇಡೀ ಪ್ರಾಜೆಕ್ಟಿನಲ್ಲಿ ಕೇಕ್ ಎಂದಿದ್ದಲ್ಲೆಲ್ಲ ವರದಿ ಎಂದು, ಒಂದೇ ಏಟಿಗೆ, ಆಮೇಲೆ ಬಾಟ್ ಕೇಳುತ್ತದೆ, ನಿಮಗೆ ಎಷ್ಟು ಕಿಲೋ ವರದಿ ಬೇಕು, ವರದಿಯ ಮೇಲೆ ಯಾರ ಹೆಸರು ಬರೆಯಲಿ, ಪಕ್ಕದ ಮೇಜಿನ ಕನ್ನಡಕದವನು ಬಿದ್ದು ಬಿದ್ದು ನಕ್ಕ, ನಗಲಿ, ಅವನಿಗೇನು, ಆ ಲ್ಯಾಬಿನಲ್ಲಿರುವುದು ಅವನ ಅಕ್ಕನ ಗಂಟಲ್ಲವಲ್ಲ.

ಕಡಲೆಕಾಳಷ್ಟೇ ಕಣೇ ಇರೋದು, ಸ್ನಾನ ಮಾಡುವಾಗ ಕೈಗೆ ಸಿಕ್ತು, ಎನ್ನುತ್ತಾಳೆ ಅಕ್ಕ, ತರಕಾರಿ ಕೊಂಡ ವಿಷಯ ಹೇಳಿದ ಹಾಗೆ, ಸೂಜಿ ಹಾಕಿ ಸ್ಯಾಂಪಲ್ ತೆಗೆಸಿಕೊಂಡು ಬಂದು ಅವತ್ತೇ ಮಧ್ಯಾಹ್ನದ ಅಡುಗೆಯನ್ನೂ ಮಾಡಿದ್ದಾಳೆ, ಭಾವನಿಗೆ ಗೊತ್ತು, ಅಮ್ಮನಿಗೆ ಹೇಳಿಲ್ಲ, ಇವತ್ತು ವರದಿ, ಫೋನ್ ಮಾಡಿ ಕೇಳಕ್ಕಾ ಅಂದರೆ ಬೇಡಂತೆ, ಲ್ಯಾಬಿನ ಆ ಹುಡುಗಿ ಧ್ವನಿಯಲ್ಲೇ ಗೊತ್ತಾಗಿಬಿಡತ್ತೆ, ನಿನ್ನ ಬಾಟೇ ಹೇಳ್ಲಿ ಬಿಡು — ಅದು ವರದಿ ಬಂತು ಅಂತಷ್ಟೇ ಹೇಳುತ್ತದೆ, ಒಳಗೇನಿದೆ ಎಂದಲ್ಲ, ಹೇಳಿದ್ದೆನಲ್ಲ ಅವಳಿಗೆ, ಹೇಳಿದ್ದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ. ನನ್ನ ಕಂಪ್ಯೂಟರಿನಲ್ಲಿ ನೆಟ್ಟಗೆ ಓಡುವುದು ಸರ್ವರಿಗೆ ಹೋದೊಡನೆ ಮಗುಚಿ ಬೀಳುತ್ತದೆ, ಯಾಕೆ, ಸೆಟ್ಟಿಂಗಿನಲ್ಲಿ ಇನ್ನೂ ಕೇಕ್ ಅಂಗಡಿಯ ವಿಳಾಸ, ಅದನ್ನು ತಿದ್ದಿದರೆ ಪಾಸ್‌ವರ್ಡ್ ತಪ್ಪು, ಅದನ್ನು ತಿದ್ದಿದರೆ ಓಡಿತು, ಓಡಿದೊಡನೆ ಬಲೂನು, ಥೂ ಇದರ, ಬೆನ್ನ ಹಿಂದೆ ಬಾಸ್, ಲ್ಯಾಬಿನವರು ಕಾಯ್ತಾ ಇದಾರೆ, ಬಲೂನು ಇದ್ರೆ ಇರ್ಲಿ ಬಿಡಮ್ಮ, ಖುಷಿ ಯಾರಿಗೆ ಬೇಡ, ಮುಂದಿನ ವಾರ ತೆಗಿ, ಸರಿ, ಇರಲಿ, ನನಗೂ ಸಾಕಾಗಿದೆ, ಕಿಲೋ ತೆಗೆದೆ, ಹೆಸರು ಬರೆಯುವುದನ್ನು ತೆಗೆದೆ, ಉಳಿದದ್ದು ಓದಿ ನೋಡಿದೆ, ಎಲ್ಲೂ ಎಡವಲಿಲ್ಲ, ಗುಂಡಿ ಒತ್ತಿದೆ, ಹಸಿರು ಗೆರೆ, ಹೋಯಿತು, ಲ್ಯಾಬಿನ ಬಾಗಿಲಲ್ಲಿ ಕುಳಿತಿತು ನನ್ನ ಬಾಟ್, ಕಾಯುತ್ತಿರುವವರಿಗೆಲ್ಲ ತಾನೇ ಸಂದೇಶ ಕಳಿಸುತ್ತದೆ, ಇನ್ನೊಂದು ಕಾಫಿ ಕುಡಿಯಬೇಕು.

ಫೋನು, ಅಕ್ಕ, ಅಳುತ್ತಿದ್ದಾಳೆ, ಅಲ್ಲ ನಗುತ್ತಿದ್ದಾಳೆ, ಎರಡೂ — ಬಂತು ಕಣೇ, ಖುಷಿಯ ಸುದ್ದಿ ಅಂತ ಬಂತು, ಏನೂ ಇಲ್ವಂತೆ, ಮನೆಮಂದಿಯೊಂದಿಗೆ ಸಂಭ್ರಮಿಸಿ ಅಂತ ಬೇರೆ ಬರೆದಿದೆ, ನೋಡ್ತಾ ಇದ್ದ ಹಾಗೇ ಬಲೂನು. ಖುಷಿಯ ಸುದ್ದಿ, ನಿಮ್ಮ ವರದಿ ಸಿದ್ಧವಾಗಿದೆ, ಮನೆಮಂದಿಯೊಂದಿಗೆ ಸಂಭ್ರಮಿಸಿ, ಹೌದು, ಓದಿದ್ದೆ ಆ ಸಾಲನ್ನು, ಕೇಕ್ ಹೋಗಿ ವರದಿ ಬಂದು ಎಷ್ಟು ಸಲೀಸಾಗಿ ಕೂತಿತ್ತು, ಅದಕ್ಕೇ ಕಣ್ಣು ಜಾರಿತು, ಎಲ್ಲರಿಗೂ ಅದೇ ಹೋಗಿದೆ, ಎಲ್ಲರಿಗೂ, ಅಯ್ಯೋ ದೇವರೇ, ವರದಿ ಇನ್ನೂ ಅಂಟಿಸಿದ ಲಕೋಟೆಯೊಳಗೆ ಲ್ಯಾಬಿನಲ್ಲೇ ಇದೆ, ಒಳಗೇನಿದೆಯೋ ಬಾಟಿಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಅಕ್ಕಾ, ಭಾವ ವರದಿ ತಂದರಾ — ತರೋದೇನಿದೆ, ನಾಳೆ ತಂದ್ರಾಯ್ತು, ನಿನ್ನ ಬಾಟೇ ಹೇಳಿದ ಮೇಲೆ, ಅಮ್ಮನಿಗೂ ಎಲ್ಲ ಹೇಳ್ಬಿಟ್ಟೆ, ಇಷ್ಟು ದಿನ ಹೊತ್ಕೊಂಡಿದ್ದು ಇಳಿದ ಹಾಗಾಯ್ತು, ಇರು ಕೊಡ್ತೀನಿ — ಬೇಡ, ಕೊಡಬೇಡ, ಕೊಟ್ಟೇಬಿಟ್ಟಳು, ಅಮ್ಮ ಮೂಗು ಸೆಳೆದುಕೊಳ್ಳುತ್ತಿದ್ದಾಳೆ, ನೀನೇ ಮಾಡಿದ್ದಂತಲ್ಲೇ ಅದು, ನಿನ್ನ ಬಾಯಿಗೆ ಸಕ್ಕರೆ ಹಾಕ. ಹೇಳಬೇಕು, ಈಗಲೇ, ಇನ್ನೊಂದು ಕ್ಷಣ ಬಿಟ್ಟರೆ ಹೇಳಲಾರೆ, ಅಮ್ಮಾ, ಅದು ಹಾಗಲ್ಲ, ಅದು ಬರೀ — ಎದುರಿನ ಪರದೆಯಲ್ಲಿ ಯಾರದೋ ಇನ್ನೊಬ್ಬರ ವರದಿ ಸಿದ್ಧ, ಕೆಳಗಿನಿಂದ ಒಂದು ಕೆಂಪು ಬಲೂನು ಹೊರಟಿದೆ, ಅಮ್ಮಾ, ಕೇಳಿಸ್ಕೋ, ಕೆಂಪು ಬಲೂನು ಮೇಲೇರುತ್ತಿದೆ, ಇನ್ನೂ ಮೇಲೆ, ಅಮ್ಮಾ, ಕೆಂಪು ಬಲೂನು