ತಳ ಕಪ್ಪಾದ ಮಾವಿನ ಬಟ್ಟಲು

ಯೂರಿಯಾ ಚೀಲದ ಕಟ್ಟು ಬಿಚ್ಚಿದ್ದೇ ತಡ, ಬೂಷ್ಟಿನ ವಾಸನೆ ನರಸಯ್ಯನ ಮೂಗಿಗೆ ಬಡಿಯಿತು. ಒಳಗಿದ್ದ ಮಾವಿನ ಮರದ ಬಟ್ಟಲನ್ನು ಹೊರತೆಗೆದು ನೋಡುತ್ತಾನೆ, ಅಯ್ಯೋ ಶಿವನೇ, ತಳವೆಲ್ಲ ಕಪ್ಪು. ಚಲುವಮ್ಮನಿಗೆ ಏನೆಂದು ಹೇಳುವುದು ಎಂದು ಅಲ್ಲೇ ಕುಕ್ಕರಿಸಿದ.

ಚಲುವಮ್ಮ ಅವನದೇ ಬೀದಿಯ ಹೆಂಗಸು. ಹೋದ ವರ್ಷ ಗಂಡ ಶಿವಲಿಂಗಯ್ಯನನ್ನು ಕಳೆದುಕೊಂಡಿದ್ದಳು. ಸಾಯುವ ಹಿಂದಿನ ಸಂಜೆ ಆತ ಒಂದು ಬಟ್ಟಲು ಪಾಯಸ ಕೇಳಿದ್ದ. ಸಕ್ಕರೆ ಕಾಯಿಲೆಯವರಿಗೆ ಪಾಯಸವೇ ಎಂದು ಇವಳು ಗದರಿದಳು. ಆತ ಗೋಡೆ ಕಡೆ ತಿರುಗಿ ಮಲಗಿದವನು ಬೆಳಿಗ್ಗೆ ಏಳಲೇ ಇಲ್ಲ. ಈ ಸಲ ಮುಂಗಾರಿನ ಮೊದಲ ಗಾಳಿಗೆ ಆತ ನೆಟ್ಟಿದ್ದ ಮಾವಿನ ಮರ ಉರುಳಿತು. ಚಲುವಮ್ಮ ಅದರದೊಂದು ತುಂಡನ್ನು ಹೊರಿಸಿಕೊಂಡು ಬಂದು ನರಸಯ್ಯನ ಮರ ಕಡೆಯುವ ಲೇತಿನ ಮುಂದೆ ಇಳಿಸಿದ್ದಳು.

"ಇದ್ರಾಗೆ ಒಂದ್ ಬಟ್ಲು ಮಾಡ್ಕೊಡು ಕಣಪ್ಪ. ಮಾರ್ಲಮಿಗೆ ಅವ್ರ ಎಡೇಲಿ ಪಾಯ್ಸ ಇಕ್ಬೇಕು. ಬದುಕಿದ್ದಾಗಂತೂ ಕೊಡ್ನಿಲ್ಲ."

ಹಸಿ ಮರದಲ್ಲಿ ಕಡೆದ ಬಟ್ಟಲನ್ನು ಮರದ ಒಣ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಯಲ್ಲಿ ಸುತ್ತಿ, ಗಾಳಿಯಾಡುವ ನೆರಳಲ್ಲಿ ಇಡಬೇಕು. ಹೊಟ್ಟು ತೇವ ಕುಡಿದಂತೆಲ್ಲ ಬದಲಾಯಿಸುತ್ತಿರಬೇಕು. ಬೂಕನಕೆರೆಯಲ್ಲಿ ಮರ ಕಡೆದೇ ತಲೆ ನರೆಸಿಕೊಂಡ ನರಸಯ್ಯನಿಗೆ ಇದು ಗೊತ್ತಿಲ್ಲದ ವಿದ್ಯೆಯೇ? ಆದರೆ ಅಷ್ಟರಲ್ಲಿ ದೇವಲಾಪುರದ ಭಾಮೈದನ ಮಗಳ ಮದುವೆ ಬಂತು. ತಾನಿಲ್ಲದಾಗ ಬಟ್ಟಲು ಬೇಗ ಒಣಗಿ ಸೀಳು ಬಿಟ್ಟರೆ ಗತಿಯೇನು, ಸೀಳಿದ ಪಾತ್ರೆಯಲ್ಲಿ ಹಿರಿಯರಿಗೆ ಎಡೆ ಇಡುವ ಹಾಗಿಲ್ಲವಲ್ಲ ಎಂದು ಹೆದರಿ, ಹಸಿ ಹೊಟ್ಟಿನ ಸಮೇತ ಯೂರಿಯಾದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಬಿಗಿದ. ಧಾರೆ ಮುಗಿದ ಮಾರನೆಯ ದಿನವೇ ಬರುತ್ತೇನೆಂದವನು ಬೀಗರೂಟಕ್ಕೆ ಉಳಿದ. ಬಾಡೂಟ ಬಿಟ್ಟು ಬರುವುದಕ್ಕೆ ಅವನೇನು ಸನ್ಯಾಸಿಯೇ? ಅದೂ ಮುಗಿದ ಮೇಲೆ, ಭಾಮೈದ 'ಇರಿ ಭಾವ' ಅಂದನೆಂದು ಇನ್ನೂ ಉಳಿದ. ಚೀಲದೊಳಗೆ ಬಟ್ಟಲು ಬೆವೆತು ಬೂಷ್ಟು ಹಿಡಿಯಿತು.

ಉಪ್ಪುಕಾಗದ ಉಜ್ಜಿದ, ಉಳಿ ಹಿಡಿದು ಕೆರೆದ, ನಿಂಬೆಹುಳಿ ತಿಕ್ಕಿ ಬಿಸಿಲಿಗಿಟ್ಟ. ಜಗ್ಗಲಿಲ್ಲ. ಇನ್ನೂ ಕೆರೆದರೆ ತಳವೇ ತೂತಾಗುತ್ತಿತ್ತು. ಬೇರೆಯದು ಕಡೆಯೋಣವೆಂದರೆ ಮಿಕ್ಕ ದಿಮ್ಮಿಯೆಲ್ಲ ಕೆ.ಆರ್. ಪೇಟೆಯ ಸಾಮಿಲ್ಲು ಸೇರಿ ಹಲಗೆಯಾಗಿತ್ತು.

ಹಿರಿಯರ ಹಬ್ಬ ಮಾರ್ಲಮಿ ಹತ್ತಿರವಾದಾಗ ಬಟ್ಟಲನ್ನು ಅವಳ ಕೈಗಿಟ್ಟ. ಅವಳು ಸೆರಗಿನಲ್ಲಿ ತಳ ಒರೆಸಿದಳು, ಮತ್ತೆ ಒರೆಸಿದಳು.

"ಇದ್ಯಾಕಪ್ಪ ಇಂಗೆ?"

ನಿಜ ಅವನ ಗಂಟಲವರೆಗೂ ಬಂದಿತ್ತು. ಬೀಗರೂಟದ ಆಸೆಗೆ ನಿನ್ನ ಗಂಡನ ಬಟ್ಟಲು ಕೆಡಿಸಿದೆ ಅಂತ ಯಾವ ಮುಖ ಹೊತ್ತು ಹೇಳುವುದು? "ಮರದೊಳಗೇ ಇತ್ತು ಕಣಕ್ಕ," ಅಂದುಬಿಟ್ಟ. "ಉಟ್ಟಿದ್ದೇ ಅಂಗೆ."

ಚಲುವಮ್ಮ ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಬಚಾವಾದೆ ಅಂದುಕೊಂಡ ಮುಠ್ಠಾಳ.

ಮಾರ್ಲಮಿಯ ದಿನ ಅವನ ಹೆಂಡತಿ ತಿಮ್ಮಮ್ಮ ಚಲುವಮ್ಮನ ಹಿತ್ತಲಿಂದ ಬಂದವಳೇ ಸೊಪ್ಪಿನ ಕುಕ್ಕೆಯನ್ನು ದಡಾರನೆ ಕುಕ್ಕಿದಳು. "ಚಲುವಕ್ಕ ಎಡೇಗೆ ಪಾಯ್ಸ ಮಾಡಾಕಿಲ್ವಂತೆ. ನಿನ್ ಪಾಯ್ಸ ಬ್ಯಾಡ ಅಂತ ಅವ್ರೇ ಮರದೊಳಗೆ ಬರ್ದು ಕಳ್ಸವ್ರೆ ಅಂತ ಅಳ್ತಾವ್ಳೆ. ಅಲ್ಲಾ, ನಿಜ ಯೋಳಿದ್ರೆ ನಿಮ್ ಬಾಯೇನ್ ಸವ್ದೋಯ್ತಿತ್ತಾ?"

ನರಸಯ್ಯನಿಗೆ ಆಗ ಅರ್ಥವಾಯಿತು. ಸತ್ತವನ ಮೇಲೆ ಇಲ್ಲದ ಕೋಪ ಹೊರಿಸಿ, ಬದುಕಿರುವವಳನ್ನು ಜೀವಮಾನವೆಲ್ಲ ಕೊರಗಲು ಬಿಟ್ಟಿದ್ದ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಟವಲು ಹೆಗಲಿಗೆಸೆದು ಹೊರಟ.

ಚಲುವಮ್ಮನ ನಡುಮನೆಯಲ್ಲಿ ಶಿವಲಿಂಗಯ್ಯನ ಫೋಟೊ ಮುಂದೆ ಬಾಳೆಲೆ ಹಾಸಿತ್ತು. ಮುದ್ದೆ, ಸಾರು, ವಡೆ, ಎಲ್ಲ ಇತ್ತು. ಬಟ್ಟಲು ಮಾತ್ರ ಮೂಲೆಯಲ್ಲಿ ಬೋರಲು ಬಿದ್ದಿತ್ತು.

"ಅಕ್ಕ, ಅವತ್ತು ನಾನ್ ಯೋಳಿದ್ದು ಸುಳ್ಳು," ಅಂದ ನರಸಯ್ಯ, ನಿಂತಲ್ಲೇ. "ಮರದಾಗೆ ಏನೂ ಇರ್ನಿಲ್ಲ. ಪ್ಲಾಸ್ಟಿಕ್ ಚೀಲ್ದಲ್ಲಿ ಕಟ್ಟಿಕ್ಕಿ ಮದ್ವೆಗೋದೆ, ಬೀಗ್ರೂಟ ಅಂತ ಅಲ್ಲೇ ಕುಂತ್ಬುಟ್ಟೆ. ಬೂಷ್ಟು ಇಡ್ಕಂಡು ಕಪ್ಪಾಯ್ತು. ತಪ್ಪು ನಂದು. ಅವ್ರಿಗೆ ನಿನ್ ಮ್ಯಾಲೆ ಯಾವ ಸಿಟ್ಟೂ ಇಲ್ಲ ಕಣಕ್ಕ. ಪಾಯ್ಸ ಮಾಡಿಕ್ಕು."

ಚಲುವಮ್ಮ ಎದ್ದು ಅವನೆದುರು ಬಂದಳು. ಬೈದರೆ ಬೈಯಲಿ, ಪೊರಕೆಯಲ್ಲಿ ಹೊಡೆದರೂ ಹೊಡೆಯಲಿ ಎಂದು ಅವನು ತಲೆ ಬಗ್ಗಿಸಿ ನಿಂತಿದ್ದ.

"ತಿಮ್ಮಿ ಬಂದು ಯೋಳುದ್ಲಾ, ನಾನು ಅಳ್ತಾ ಇವ್ನಿ ಅಂತ?"

"ಊಂ. ಆದ್ರೆ ಇದು ನಿಜ ಅಕ್ಕ. ನಮ್ಮಪ್ಪನಾಣೆ."

"ಸತ್ತಿರೋ ಅಪ್ಪನ್ ಮ್ಯಾಲೆ ಆಣೆ ಇಕ್ಬ್ಯಾಡ. ಅದೂ ಇವತ್ತು." ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಮನೆ ಮುಂದ್ಲ ಹೆಂಗ್ಸು ಅಳ್ತಾವ್ಳೆ ಅಂತ ತಪ್ಪನ್ನ ನಿನ್ ತಲೆ ಮ್ಯಾಲೆ ಎಳ್ಕತಿದ್ದೀಯ. ಒಳ್ಳೆ ಮನ್ಸ ಕಣಪ್ಪ ನೀನು. ಒಡಹುಟ್ಟಿದೋರೂ ಇಷ್ಟು ಮಾಡಾಕಿಲ್ಲ."

"ಅಲ್ಲ ಅಕ್ಕ, ನಾನು..."

"ಸಾಕು ಸುಮ್ಕಿರು." ಅವಳು ಕಣ್ಣೊರೆಸಿಕೊಂಡು ಫೋಟೊ ಕಡೆ ತಿರುಗಿ ಕೈಮುಗಿದಳು. "ನೋಡಿ, ಸಿಟ್ಟೇನಿದ್ರೂ ನನ್ ಮ್ಯಾಲೆ ಇರ್ಲಿ. ಇವ್ನು ನಂಗೋಸ್ಕರ ಸುಳ್ಳು ಯೋಳ್ತಾವ್ನೆ. ಇವ್ನ ಮ್ಯಾಲೆ ಮಾತ್ರ ಮಾಡ್ಕಬ್ಯಾಡಿ."